ಬಲವಿಲ್ಲದ ಮೇಲ್ಮನೆಯಲ್ಲಿ ಬಿಡದೆ ನಿಂತ ಮಸೂದೆ: ಐರಿಶ್ ಸೆನೆಟರ್ ಫ್ರಾನ್ಸಿಸ್ ಬ್ಲ್ಯಾಕ್ ಅವರ ವಾದ ಹಾದುಬಂದ ದಾರಿ

2018ರ ಜುಲೈ 11ರಂದು ಐರ್ಲೆಂಡಿನ ಮೇಲ್ಮನೆ ತನ್ನ ಎಂದಿನ ಸಭಾಂಗಣದಲ್ಲಿ ಸೇರಿರಲಿಲ್ಲ. ಡಬ್ಲಿನ್‌ನ ಸಂಸತ್ ಭವನವಾದ ಲೆನ್‌ಸ್ಟರ್ ಹೌಸ್‌ನಲ್ಲಿ ದುರಸ್ತಿ ಕೆಲಸ ನಡೆಯುತ್ತಿದ್ದುದರಿಂದ, ಪಕ್ಕದಲ್ಲೇ ಇರುವ ರಾಷ್ಟ್ರೀಯ ವಸ್ತುಸಂಗ್ರಹಾಲಯದ ಪಿಂಗಾಣಿ ವಸ್ತುಗಳ ಕೋಣೆಯಲ್ಲಿ ಸದನ ತಾತ್ಕಾಲಿಕವಾಗಿ ಕಲಾಪ ನಡೆಸುತ್ತಿತ್ತು. ಪಕ್ಷೇತರ ಸದಸ್ಯೆ ಫ್ರಾನ್ಸಿಸ್ ಬ್ಲ್ಯಾಕ್ ಮಂಡಿಸಿದ್ದ ಒಂದು ಖಾಸಗಿ ಮಸೂದೆ ಅಂದು ಮತಕ್ಕೆ ಬಂತು. ಸರ್ಕಾರ ಅದನ್ನು ವಿರೋಧಿಸಿತ್ತು, ವಿದೇಶಾಂಗ ಸಚಿವರು ಅದು ಕಾನೂನಿನ ಮುಂದೆ ನಿಲ್ಲುವುದಿಲ್ಲವೆಂದು ವಾದಿಸಿದ್ದರು. ಆದರೂ 25–20 ಮತಗಳಿಂದ ಮಸೂದೆಯ ತತ್ವಕ್ಕೆ ಸದನದ ಒಪ್ಪಿಗೆ ಸಿಕ್ಕಿತು. ಅಂತರರಾಷ್ಟ್ರೀಯ ಕಾನೂನಿನ ಪ್ರಕಾರ ಆಕ್ರಮಿತವೆಂದು ಗುರುತಿಸಲಾದ ಪ್ರದೇಶಗಳಲ್ಲಿ ಕಾನೂನುಬಾಹಿರವಾಗಿ ನೆಲೆಯೂರಿದ ವಸಾಹತುಗಳೊಂದಿಗೆ ವ್ಯಾಪಾರ ಮಾಡುವುದನ್ನು ನಿಷೇಧಿಸಬೇಕೆಂಬುದು ಅದರ ತಿರುಳು; ಅದು ಮುಖ್ಯವಾಗಿ ತಟ್ಟುತ್ತಿದ್ದುದು ಪ್ಯಾಲೆಸ್ಟೈನ್ ನೆಲದಲ್ಲಿರುವ ಇಸ್ರೇಲಿ ವಸಾಹತುಗಳಿಗೆ. ಏಳು ವರ್ಷಗಳ ನಂತರ, 2025ರ ಜೂನ್‌ನಲ್ಲಿ, ಅದೇ ದೇಶದ ಸರ್ಕಾರ ಅದೇ ದಿಕ್ಕಿನ ಮಸೂದೆಯೊಂದರ ಕರಡನ್ನು ತಾನಾಗಿಯೇ ಪ್ರಕಟಿಸಿತು.

ಈ ಏಳು ವರ್ಷಗಳ ನಡುವೆ ಏನಾಯಿತು ಎಂಬುದನ್ನು ಬಿಡಿಸಿ ನೋಡುವುದು ಈ ಲೇಖನದ ಉದ್ದೇಶ. ಮೇಲ್ಮನೆಯ ಸದಸ್ಯರು ಆಡಿದ ಮಾತು ಕಡತಕ್ಕೆ ಸೇರಿ ಧೂಳು ತಿನ್ನುತ್ತದೆ ಎಂಬ ಅಭಿಪ್ರಾಯ ನಮ್ಮಲ್ಲೂ ಇದೆ, ಐರ್ಲೆಂಡಿನಲ್ಲೂ ಇದೆ. ಬ್ಲ್ಯಾಕ್ ಅವರ ಅನುಭವ ಬೇರೆಯದನ್ನು ತೋರಿಸುತ್ತದೆ ಎಂದು ನನಗನ್ನಿಸುತ್ತದೆ. ಸರ್ಕಾರವನ್ನು ಸೋಲಿಸುವ ಶಕ್ತಿ ಆ ಸದನಕ್ಕೆ ಇಲ್ಲ. ಆದರೆ ಸರ್ಕಾರ ಯಾಕೆ ಒಪ್ಪುವುದಿಲ್ಲ ಎಂಬ ಕಾರಣವನ್ನು ಸಚಿವರ ಬಾಯಿಂದಲೇ ಹೇಳಿಸಿ ದಾಖಲಿಸುವ ಶಕ್ತಿ ಇದೆ. ದಾಖಲಾದ ಕಾರಣವನ್ನು ಪರೀಕ್ಷೆಗೆ ಒಡ್ಡಬಹುದು, ಮತ್ತು ಆ ಕಾರಣ ಬಿದ್ದುಹೋದ ದಿನ ನಿರಾಕರಣೆ ತಾನಾಗಿ ಸಡಿಲವಾಗುತ್ತದೆ.

ಮೊದಲು ಆ ಸದನದ ಸ್ವರೂಪವನ್ನು ನೋಡಬೇಕು. ಐರಿಶ್ ಭಾಷೆಯಲ್ಲಿ ಶಾನಡ್ ಎಂದು ಕರೆಯುವ ಈ ಮೇಲ್ಮನೆಯಲ್ಲಿ 60 ಸದಸ್ಯರು. ಅವರಲ್ಲಿ 43 ಮಂದಿ ಕೃಷಿ, ಕಾರ್ಮಿಕ, ಸಂಸ್ಕೃತಿ ಮತ್ತು ಶಿಕ್ಷಣ, ಕೈಗಾರಿಕೆ ಮತ್ತು ವಾಣಿಜ್ಯ, ಆಡಳಿತ ಎಂಬ ಐದು ವೃತ್ತಿಪಟ್ಟಿಗಳಿಂದ ಬರುತ್ತಾರೆ. ಪಟ್ಟಿಗಳ ಹೆಸರು ವೃತ್ತಿಯದಾದರೂ ಮತ ಹಾಕುವವರು ಸ್ಥಳೀಯ ಸಂಸ್ಥೆಗಳ ಸದಸ್ಯರು, ಕೆಳಮನೆಯವರು ಮತ್ತು ನಿರ್ಗಮಿಸುವ ಮೇಲ್ಮನೆಯವರು. ಎಲ್ಲ ಸೇರಿ ಸಾವಿರದ ಚಿಲ್ಲರೆ ಮಂದಿ. ಆರು ಸ್ಥಾನಗಳು ವಿಶ್ವವಿದ್ಯಾಲಯದ ಪದವೀಧರರಿಗೆ ಮೀಸಲು, ಉಳಿದ 11 ಮಂದಿಯನ್ನು ಪ್ರಧಾನಿ ನಾಮನಿರ್ದೇಶನ ಮಾಡುತ್ತಾರೆ. ಕನ್ನಡದ ಓದುಗರಿಗೆ ಈ ರಚನೆ ಅಪರಿಚಿತವೆನಿಸಲಾರದು. ನಮ್ಮ ವಿಧಾನ ಪರಿಷತ್ತಿನ 75 ಸ್ಥಾನಗಳಲ್ಲೂ ಸ್ಥಳೀಯ ಸಂಸ್ಥೆಗಳ ಪಾಲಿದೆ, ಪದವೀಧರರ ಪಾಲಿದೆ, ನಾಮನಿರ್ದೇಶಿತರ ಸಂಖ್ಯೆ ಕೂಡ ಅಲ್ಲಿಯಂತೆ 11. ರಾಜ್ಯಸಭೆಗೆ ಕಲೆ, ಸಾಹಿತ್ಯ, ವಿಜ್ಞಾನ, ಸಮಾಜಸೇವೆಯ ಕ್ಷೇತ್ರಗಳಿಂದ ಸದಸ್ಯರನ್ನು ನೇಮಿಸುವ ನಮ್ಮ ಸಂವಿಧಾನದ ಏರ್ಪಾಡಿಗೂ ಐರಿಶ್ ಸಂವಿಧಾನವೇ ಮಾದರಿ. ಸಂವಿಧಾನ ಸಭೆಯ ಸಲಹೆಗಾರರಾಗಿದ್ದ, ನಮ್ಮ ಕರಾವಳಿಯ ಬೆನಗಲ್ ಮನೆತನದ ಬಿ.ಎನ್. ರಾವ್ 1947ರ ಕೊನೆಯಲ್ಲಿ ಡಬ್ಲಿನ್‌ಗೂ ಹೋಗಿ, ಐರಿಶ್ ಸಂವಿಧಾನದ ಹಿಂದಿನ ಮುಖ್ಯ ಶಕ್ತಿಯಾಗಿದ್ದ ಎಮನ್ ಡಿ ವಲೆರಾ ಅವರನ್ನು ಕಂಡು ಚರ್ಚಿಸಿ ಬಂದಿದ್ದರು.

ಅಧಿಕಾರದ ವಿಷಯಕ್ಕೆ ಬಂದರೆ ಶಾನಡ್‌ನ ಕೈ ಬಹಳ ಚಿಕ್ಕದು. ಕೆಳಮನೆಯಾದ ಡಾಯ್ಲ್ ಒಪ್ಪಿದ ಸಾಮಾನ್ಯ ಮಸೂದೆಯನ್ನು ಅದು 90 ದಿನ ತಡೆದಿಡಬಹುದು, ಹಣಕಾಸು ಮಸೂದೆಯಾದರೆ 21 ದಿನಗಳೊಳಗೆ ಶಿಫಾರಸು ಮಾಡಬಹುದು, ಅಷ್ಟೇ. ಪ್ರಧಾನಿಯ ಹನ್ನೊಂದು ನಾಮನಿರ್ದೇಶಿತರಿಂದಾಗಿ ಸರ್ಕಾರಕ್ಕೆ ಸಾಮಾನ್ಯವಾಗಿ ಅಲ್ಲಿ ಬಹುಮತ ಇದ್ದೇ ಇರುತ್ತದೆ. ಇಂಥ ಸದನ ಬೇಕೇ ಎಂಬ ಪ್ರಶ್ನೆ 2013ರ ಅಕ್ಟೋಬರ್ 4ರಂದು ಜನರ ಮುಂದೆಯೇ ಹೋಯಿತು. ರದ್ದು ಮಾಡೋಣವೆಂದು ಸರ್ಕಾರವೇ ಕೇಳಿದ್ದ ಆ ಜನಮತಗಣನೆಯಲ್ಲಿ ಶೇ 51.7ರಷ್ಟು ಮಂದಿ ಬೇಡವೆಂದರು, ಸದನ ಕೂದಲೆಳೆಯ ಅಂತರದಲ್ಲಿ ಉಳಿಯಿತು. ಉಳಿದ ಮೇಲೆ ಅದು ಉಳಿದದ್ದಕ್ಕೆ ತಕ್ಕ ಕೆಲಸ ಮಾಡಿದೆಯೇ ಎಂದು ಕೇಳುವವರಿಗೆ ಬ್ಲ್ಯಾಕ್ ಅವರ ಕೆಲಸ ಒಂದು ಉತ್ತರ.

ಫ್ರಾನ್ಸಿಸ್ ಬ್ಲ್ಯಾಕ್ ಐರ್ಲೆಂಡಿನ ಮನೆಮಾತಾದ ಗಾಯಕಿ. ಕುಡಿತದಿಂದ ಹೊರಬಂದ ತಮ್ಮ ಕಥೆಯನ್ನು ಅವರು ಸಾರ್ವಜನಿಕವಾಗಿ ಹೇಳಿಕೊಂಡಿದ್ದಾರೆ, ವ್ಯಸನಕ್ಕೆ ಸಿಕ್ಕವರ ಕುಟುಂಬಗಳಿಗೆ ನೆರವಾಗುವ ರೈಸ್ ಫೌಂಡೇಶನ್ ಎಂಬ ಸಂಸ್ಥೆಯನ್ನೂ ಕಟ್ಟಿದ್ದಾರೆ. 2016ರಲ್ಲಿ ಕೈಗಾರಿಕೆ ಮತ್ತು ವಾಣಿಜ್ಯ ಪಟ್ಟಿಯಿಂದ ಆಯ್ಕೆಯಾಗಿ, ಸಮಾಜಸೇವೆಯ ಹಿನ್ನೆಲೆಯ ಪಕ್ಷೇತರರ ಸಣ್ಣ ಗುಂಪೊಂದರಲ್ಲಿ ಕೂತರು. 2020 ಮತ್ತು 2025ರಲ್ಲಿ ಮರು ಆಯ್ಕೆಯಾದರು. ಅವರು ಸದನಕ್ಕೆ ಬಂದಾಗ ಅಲ್ಲಿ ಕಾದಿದ್ದ ದೊಡ್ಡ ವಿಷಯ ಸಾರ್ವಜನಿಕ ಆರೋಗ್ಯ (ಮದ್ಯ) ಮಸೂದೆ. ಮದ್ಯವನ್ನು ಕೇವಲ ಮಾರಾಟದ ಅಥವಾ ಕಾನೂನು ಸುವ್ಯವಸ್ಥೆಯ ವಿಷಯವಾಗಿ ನೋಡದೆ ಆರೋಗ್ಯದ ವಿಷಯವಾಗಿ ನೋಡುವ ಐರ್ಲೆಂಡಿನ ಮೊದಲ ಕಾಯ್ದೆ ಇದು. 2015ರ ಡಿಸೆಂಬರ್‌ನಲ್ಲಿ ಶಾನಡ್‌ನಲ್ಲೇ ಮಂಡನೆಯಾಗಿ, ಮದ್ಯೋದ್ಯಮದ ಒತ್ತಡಕ್ಕೆ ಸಿಕ್ಕಿ, ಆಳುವ ಪಕ್ಷದ ಸದಸ್ಯರಿಂದಲೇ ತಕರಾರು ಎದುರಿಸಿ, ಕೊನೆಗೆ 2018ರ ಅಕ್ಟೋಬರ್‌ನಲ್ಲಿ ಕಾಯ್ದೆಯಾಯಿತು. ವ್ಯಸನ ಒಂದು ಮನೆಯೊಳಗೆ ಏನು ಮಾಡುತ್ತದೆ ಎಂಬುದನ್ನು ಬಲ್ಲವರ ದನಿಯಾಗಿ ಬ್ಲ್ಯಾಕ್ ಈ ಚರ್ಚೆಯ ಉದ್ದಕ್ಕೂ ನಿಂತರು. ಬಾಟಲಿಯ ಮೇಲೆ ಕ್ಯಾನ್ಸರ್ ಎಚ್ಚರಿಕೆ ಇರಲೇಬೇಕೆಂದು ಪಟ್ಟು ಹಿಡಿದವರಲ್ಲಿ ಅವರೂ ಒಬ್ಬರು.

ಈ ಕಾಯ್ದೆ ನೆಲದ ಮೇಲೆ ಹೇಗೆ ಕಾಣುತ್ತದೆ ಎಂಬುದಕ್ಕೆ ಒಂದು ಲೆಕ್ಕ ಸಾಕು. 2022ರ ಜನವರಿ 4ರಿಂದ ಒಂದು ಗ್ರಾಂ ಆಲ್ಕೋಹಾಲ್‌ಗೆ ಕನಿಷ್ಠ 10 ಸೆಂಟ್ ಬೆಲೆ ನಿಗದಿಯಾಯಿತು. ಶೇ 12.5 ಪ್ರಮಾಣದ 750 ಮಿಲಿಲೀಟರ್ ವೈನ್ ಬಾಟಲಿಯಲ್ಲಿ ಸುಮಾರು 74 ಗ್ರಾಂ ಆಲ್ಕೋಹಾಲ್ ಇರುತ್ತದೆ, ಹಾಗಾಗಿ ಅದನ್ನು 7 ಯೂರೋ 40 ಸೆಂಟ್‌ಗಿಂತ ಕಡಿಮೆಗೆ ಮಾರುವಂತಿಲ್ಲ. ಪಬ್ಬಿನಲ್ಲಿ ಒಂದು ಲೋಟಕ್ಕೆ ಗ್ರಾಂ ಲೆಕ್ಕದ ಈ ಕನಿಷ್ಠ ಬೆಲೆಗಿಂತ ಎಷ್ಟೋ ಹೆಚ್ಚು ಕೊಡುವವರಿಗೆ ಈ ನಿಯಮ ತಟ್ಟುವುದೇ ಇಲ್ಲ. ತಟ್ಟುವುದು ಸೂಪರ್ ಮಾರ್ಕೆಟ್‌ಗಳಲ್ಲಿ ನೀರಿನ ಬೆಲೆಗೆ ಸಿಗುತ್ತಿದ್ದ ಅಗ್ಗದ ಮದ್ಯಕ್ಕೆ. ದಿನಸಿ ಅಂಗಡಿಗಳಲ್ಲಿ ಮದ್ಯವನ್ನು ಬ್ರೆಡ್ಡು ಹಾಲಿನ ಪಕ್ಕದಲ್ಲಿ ಪೇರಿಸಿಡುವಂತಿಲ್ಲ, ಕನಿಷ್ಠ 1.2 ಮೀಟರ್ ಎತ್ತರದ ಅಡ್ಡಗೋಡೆಯ ಆಚೆ ಇಡುವುದೇ ಮೊದಲಾದ ನಿಯಮಗಳ ಮೂಲಕ ಅದನ್ನು ಬೇರ್ಪಡಿಸಬೇಕು. ಮಗುವಿನ ಕೈ ಹಿಡಿದು ಹಾಲು ತರಲು ಹೋದ ತಾಯಿಯ ಕಣ್ಣಿಗೆ ರಿಯಾಯಿತಿ ದರದ ಬಾಟಲಿಗಳ ಗೋಪುರ ಬೀಳಬಾರದೆಂಬ ಸರಳ ಯೋಚನೆ ಇದರ ಹಿಂದಿದೆ, ಮತ್ತು ಸದನದಲ್ಲಿ ಅತಿ ಹೆಚ್ಚು ಜಗಳಕ್ಕೆ ಕಾರಣವಾದ ಅಂಶಗಳಲ್ಲಿ ಇದೂ ಒಂದು.

ಎಚ್ಚರಿಕೆಯ ಲೇಬಲ್ ಮಾತ್ರ ಇನ್ನೂ ಬಾಟಲಿಗೆ ಕಡ್ಡಾಯವಾಗಿ ಅಂಟಿಲ್ಲ. 2023ರ ಮೇ ತಿಂಗಳಲ್ಲಿ ನಿಯಮಗಳಿಗೆ ಸಹಿಯಾಗಿ, ಮೂರು ವರ್ಷಗಳ ಕಾಲಾವಕಾಶದ ನಂತರ 2026ರ ಮೇಯಿಂದ ಜಾರಿಯಾಗಬೇಕಿತ್ತು. ಮದ್ಯಪಾನ ಯಕೃತ್ತಿನ ರೋಗಕ್ಕೆ ಕಾರಣವಾಗುತ್ತದೆ, ಮದ್ಯಕ್ಕೂ ಮಾರಕ ಕ್ಯಾನ್ಸರ್‌ಗಳಿಗೂ ನೇರ ನಂಟಿದೆ ಎಂಬ ಎರಡು ವಾಕ್ಯಗಳು ಅದರಲ್ಲಿವೆ. ಭಾರತದ ಬಾಟಲಿಗಳ ಮೇಲಿನ ‘ಆರೋಗ್ಯಕ್ಕೆ ಹಾನಿಕರ’ ಎಂಬ ಸಾಮಾನ್ಯ ಮಾತಿಗೂ ರೋಗದ ಹೆಸರು ಹಿಡಿದು ಹೇಳುವ ಈ ಮಾತಿಗೂ ಇರುವ ಅಂತರ ಸಣ್ಣದಲ್ಲ. ಆದರೆ 2025ರ ಜುಲೈನಲ್ಲಿ, ಅಂತರರಾಷ್ಟ್ರೀಯ ವ್ಯಾಪಾರದ ಅನಿಶ್ಚಿತತೆಯ ಕಾರಣ ಮುಂದಿಟ್ಟು, ಸರ್ಕಾರ ಇದನ್ನು 2028ರ ಸೆಪ್ಟೆಂಬರ್‌ಗೆ ಮುಂದೂಡಿತು. ಇದು ತಪ್ಪು ನಿರ್ಧಾರ ಎಂದೇ ನನ್ನ ಅಭಿಪ್ರಾಯ. ಸಂಸತ್ತಿನ ಎರಡೂ ಸದನಗಳು ಒಪ್ಪಿ ರಾಷ್ಟ್ರಾಧ್ಯಕ್ಷರು ಸಹಿ ಹಾಕಿದ ಕಾಯ್ದೆಯ ಒಂದು ಮುಖ್ಯ ಭಾಗ ಹತ್ತು ವರ್ಷ ಕಾಯುತ್ತಾ ಕೂರುವುದಾದರೆ, ಸದನದಲ್ಲಿ ಗೆದ್ದ ವಾದಕ್ಕೆ ಸಚಿವಾಲಯದಲ್ಲಿ ಮತ್ತೊಮ್ಮೆ ಪರೀಕ್ಷೆ ಇಟ್ಟಂತಾಗುತ್ತದೆ.

ಈಗ ಆಕ್ರಮಿತ ಪ್ರದೇಶಗಳ ಮಸೂದೆಗೆ ಮರಳೋಣ. ಜನರ ಬಾಯಲ್ಲಿ ಅದು ಇಸ್ರೇಲಿ ವಸಾಹತುಗಳ ಮಸೂದೆ. ಆದರೆ 2018ರ ಪಠ್ಯವನ್ನು ಓದಿದವರಿಗೆ ಅದರಲ್ಲಿ ಇಸ್ರೇಲ್ ಎಂಬ ಪದವಾಗಲಿ ಪ್ಯಾಲೆಸ್ಟೈನ್ ಎಂಬ ಪದವಾಗಲಿ ಸಿಗುವುದಿಲ್ಲ. ಯಾವ ಪ್ರದೇಶವನ್ನು ಆಕ್ರಮಿತವೆಂದು ಅಂತರರಾಷ್ಟ್ರೀಯ ನ್ಯಾಯಾಲಯಗಳು ದೃಢಪಡಿಸಿವೆಯೋ, ಅಥವಾ ಸಂಸತ್ತಿನ ಒಪ್ಪಿಗೆಯೊಂದಿಗೆ ಸಚಿವರು ಘೋಷಿಸುತ್ತಾರೋ, ಅಂಥ ಪ್ರದೇಶಕ್ಕೆ ಕಾಯ್ದೆ ಅನ್ವಯಿಸುತ್ತದೆ. ಪ್ಯಾಲೆಸ್ಟೈನ್‌ನ ಪಶ್ಚಿಮ ದಂಡೆಯಲ್ಲಿ ಇಸ್ರೇಲ್ ಕಟ್ಟಿದ ತಡೆಗೋಡೆಯ ಬಗ್ಗೆ 2004ರಲ್ಲಿ ಹೇಗ್‌ನ ಅಂತರರಾಷ್ಟ್ರೀಯ ನ್ಯಾಯಾಲಯ ಸಲಹಾ ಅಭಿಪ್ರಾಯ ಕೊಟ್ಟಿದ್ದರಿಂದ ಆ ಭೂಭಾಗ ಈ ವ್ಯಾಖ್ಯೆಯೊಳಗೆ ಬರುತ್ತದೆ. ಉಲ್ಲಂಘಿಸಿದವರಿಗೆ ಗರಿಷ್ಠ ಐದು ವರ್ಷ ಜೈಲು ಅಥವಾ 2,50,000 ಯೂರೋ ದಂಡ. ಇಸ್ರೇಲ್ ದೇಶದೊಂದಿಗಿನ ವ್ಯಾಪಾರವನ್ನು ಮಸೂದೆ ಮುಟ್ಟುವುದಿಲ್ಲ. 1967ರ ಯುದ್ಧಕ್ಕೆ ಮೊದಲಿದ್ದ ಗಡಿಯಾಚೆ ಕಟ್ಟಿದ ವಸಾಹತುಗಳಿಗೆ ಮಾತ್ರ ಅದರ ಬೇಲಿ. ದೇಶದ ಹೆಸರನ್ನು ಬಿಟ್ಟು ತತ್ವವನ್ನು ಬರೆದ ಈ ಕರಡು ಚಾತುರ್ಯವೆಂದು ಕೆಲವರಿಗೆ ಕಂಡಿತು. ನನಗೆ ಅದು ಮಸೂದೆಯ ಅತ್ಯಂತ ಗಟ್ಟಿಯಾದ ಭಾಗವಾಗಿ ಕಾಣುತ್ತದೆ, ಏಕೆಂದರೆ ನಾಳೆ ಬೇರೆ ಯಾವ ದೇಶ ಇನ್ನೊಂದರ ನೆಲವನ್ನು ಆಕ್ರಮಿಸಿದರೂ ಅದೇ ಅಳತೆಗೋಲು ಅನ್ವಯಿಸುತ್ತದೆ.

2018ರ ಜನವರಿ ಕೊನೆಯಲ್ಲಿ ಮೊದಲ ಬಾರಿ ಚರ್ಚೆಗೆ ಬಂದಾಗಲೇ ಇಸ್ರೇಲ್ ಸರ್ಕಾರ ತೀವ್ರವಾಗಿ ಪ್ರತಿಭಟಿಸಿ ಐರಿಶ್ ರಾಯಭಾರಿಯನ್ನು ಕರೆಸಿಕೊಂಡಿತು. ಚರ್ಚೆಯನ್ನು ಜುಲೈವರೆಗೆ ಮುಂದೂಡಲಾಯಿತು. ವಿದೇಶಾಂಗ ಸಚಿವ ಸೈಮನ್ ಕೊವನಿ ಅವರ ಮುಖ್ಯ ಆಕ್ಷೇಪ ಕಾನೂನಿನದು: ವ್ಯಾಪಾರ ನೀತಿ ಐರೋಪ್ಯ ಒಕ್ಕೂಟದ ಏಕಸ್ವಾಮ್ಯ, ಸದಸ್ಯ ದೇಶವೊಂದು ತಾನೇ ಆಮದು ನಿಷೇಧಿಸುವಂತಿಲ್ಲ. ಇದು ಹುಸಿ ಆಕ್ಷೇಪವೇನೂ ಅಲ್ಲ. ಒಕ್ಕೂಟದ 27 ದೇಶಗಳಿಗೆ, ಆಗ 28ಕ್ಕೆ, ಒಂದೇ ಸುಂಕದ ಗೋಡೆ. ಒಂದು ದೇಶ ತನಗೆ ಬೇಕಾದ ಕಡೆ ಬಾಗಿಲು ಹಾಕಿದರೆ ಗೋಡೆಗೆ ಅರ್ಥವಿಲ್ಲ. ಬ್ಲ್ಯಾಕ್ ಮತ್ತು ಸಂಗಡಿಗರ ಉತ್ತರವೂ ಕಾನೂನಿನದೇ: ಆಮದು ಕುರಿತ ಒಕ್ಕೂಟದ 2015ರ ನಿಯಮದಲ್ಲೇ ಸಾರ್ವಜನಿಕ ನೈತಿಕತೆ, ಸಾರ್ವಜನಿಕ ನೀತಿ, ಭದ್ರತೆಯ ಕಾರಣಕ್ಕೆ ಸದಸ್ಯ ದೇಶ ನಿರ್ಬಂಧ ಹಾಕಬಹುದೆಂಬ ವಿನಾಯಿತಿ ಇದೆ, ಯುದ್ಧಾಪರಾಧದಿಂದ ಹುಟ್ಟಿದ ಸರಕನ್ನು ತಡೆಯುವುದು ಸಾರ್ವಜನಿಕ ನೀತಿಯಾಗದಿದ್ದರೆ ಮತ್ತಾವುದಾಗುತ್ತದೆ ಎಂಬುದು ಅವರ ಪ್ರಶ್ನೆ.

ಗಾಯಕಿಯೊಬ್ಬರು ಭಾವುಕವಾಗಿ ಮಾತನಾಡಿ ಕೂರಬಹುದೆಂದು ಎಣಿಸಿದವರಿಗೆ ಇಲ್ಲಿ ಸಿಕ್ಕಿದ್ದು ವಿಧಿ, ಉಪವಿಧಿಗಳ ವಾದ. ಪ್ರತಿಪಕ್ಷಗಳಿಗೆ ಅದು ಒಪ್ಪಿಗೆಯಾಯಿತು. ಆಗ ಇದ್ದದ್ದು ಫಿನ ಗೇಲ್ ಪಕ್ಷದ ನೇತೃತ್ವದ ಅಲ್ಪಮತದ ಸರ್ಕಾರ. ಅದಕ್ಕೆ ಹೊರಗಿನಿಂದ ಆಸರೆ ಕೊಟ್ಟಿದ್ದ ಫಿಯನ ಫಾಯಿಲ್ ಈ ವಿಷಯದಲ್ಲಿ ಮಸೂದೆಯ ಪರ ನಿಂತಿತು. ಅಂಕಗಣಿತ ಹೀಗೆ ಒದಗಿ ಬರದಿದ್ದರೆ ಎಷ್ಟೇ ಒಳ್ಳೆಯ ವಾದವೂ ಅಲ್ಲಿಗೇ ಮುಗಿಯುತ್ತಿತ್ತು ಎಂಬುದನ್ನು ಮರೆಯಬಾರದು. 2018ರ ಡಿಸೆಂಬರ್ 5ರಂದು ಶಾನಡ್ ಮಸೂದೆಯನ್ನು ಪೂರ್ಣವಾಗಿ ಅಂಗೀಕರಿಸಿತು. 2019ರ ಜನವರಿ 24ರಂದು ಕೆಳಮನೆಯೂ 78–45 ಮತಗಳಿಂದ ತತ್ವವನ್ನು ಒಪ್ಪಿತು.

ಅಲ್ಲಿಂದ ಮುಂದೆ ಮಸೂದೆಯನ್ನು ನಿಲ್ಲಿಸಿದ್ದು ಮತದ ಸೋಲಲ್ಲ. ಐರಿಶ್ ಸಂವಿಧಾನದ 17ನೇ ವಿಧಿಯ ಪ್ರಕಾರ ಸಾರ್ವಜನಿಕ ಹಣದ ವೆಚ್ಚಕ್ಕೆ ದಾರಿ ಮಾಡುವ ಯಾವ ಮಸೂದೆಯಾದರೂ ಮುಂದೆ ಸಾಗಬೇಕಾದರೆ ಸರ್ಕಾರದ ಶಿಫಾರಸಿನ ಸಂದೇಶ ಬೇಕು. ರಾಜಕೀಯದವರು ಅದನ್ನು ಹಣದ ಸಂದೇಶ ಎನ್ನುತ್ತಾರೆ. ಸರ್ಕಾರ ಆ ಸಂದೇಶವನ್ನು ಕೊಡಲಿಲ್ಲ. ಬಹುಮತ ಬೇಕೆಂದ ಮಸೂದೆಯನ್ನು ಒಂದು ಕಾಗದ ಕಳಿಸದೆ ನಿಲ್ಲಿಸಬಹುದೆಂಬುದು ಪ್ರಜಾಪ್ರಭುತ್ವದ ದೃಷ್ಟಿಯಿಂದ ಕಳವಳದ ಸಂಗತಿ. ಖಜಾನೆಯ ಹೊಣೆ ಸರ್ಕಾರದ್ದಾಗಿರಬೇಕೆಂಬ ಉದ್ದೇಶ ಸರಿಯಾದದ್ದೇ. ಆದರೆ ಹೆಚ್ಚುವರಿ ಖರ್ಚು ನಾಮಮಾತ್ರವಾಗಿರುವ ಮಸೂದೆಗಳಿಗೂ ಅದನ್ನೇ ಬೀಗವಾಗಿ ಬಳಸಿದಾಗ ಹೊಣೆಗಾರಿಕೆಯ ಸಾಧನ ವೀಟೋ ಆಗಿ ಬದಲಾಗುತ್ತದೆ. 2020ರ ಚುನಾವಣೆಯ ನಂತರ ಫಿಯನ ಫಾಯಿಲ್, ಫಿನ ಗೇಲ್ ಮತ್ತು ಗ್ರೀನ್ ಪಕ್ಷ ಸೇರಿ ರಚಿಸಿದ ಸರ್ಕಾರದ ಕಾರ್ಯಕ್ರಮದಲ್ಲಿ ಮಸೂದೆಗೆ ಜಾಗ ಸಿಗಲಿಲ್ಲ. ಅದು ನನೆಗುದಿಗೆ ಬಿತ್ತು.

ಈ ನಡುವೆ ಒಂದು ವೈನ್ ಬಾಟಲಿ ಐರೋಪ್ಯ ನ್ಯಾಯಾಲಯದ ಮೆಟ್ಟಿಲೇರಿತು. ವಸಾಹತುವಿನಲ್ಲಿ ವೈನ್ ತಯಾರಿಸುವ ಕಂಪನಿಯೊಂದರ ಪ್ರಕರಣದಲ್ಲಿ 2019ರ ನವೆಂಬರ್ 12ರಂದು ಆ ನ್ಯಾಯಾಲಯ, ಇಂಥ ಆಹಾರ ಪದಾರ್ಥದ ಮೇಲೆ ಮೂಲ ಪ್ರದೇಶವನ್ನೂ ಅದು ವಸಾಹತುವಿನಿಂದ ಬಂದದ್ದೆಂಬುದನ್ನೂ ನಮೂದಿಸಬೇಕೆಂದು ತೀರ್ಪಿತ್ತಿತು. ಕೊಳ್ಳುವವನಿಗೆ ತಿಳಿಸಿ, ಆಯ್ಕೆ ಅವನಿಗೆ ಬಿಡಿ ಎಂಬ ನಿಲುವು ಅದು. ಬ್ಲ್ಯಾಕ್ ಅವರ ಎರಡೂ ಹೋರಾಟಗಳು ಇಲ್ಲಿ ಒಂದನ್ನೊಂದು ಮುಟ್ಟುತ್ತವೆ: ಮದ್ಯದ ವಿಷಯದಲ್ಲಿ ಲೇಬಲ್ ಸಾಕಷ್ಟು ದೊಡ್ಡ ಹೆಜ್ಜೆ ಎಂದವರೇ, ವಸಾಹತುವಿನ ಸರಕಿನ ವಿಷಯದಲ್ಲಿ ಲೇಬಲ್ ಸಾಲದು ಎನ್ನುತ್ತಾರೆ. ಇದರಲ್ಲಿ ವಿರೋಧಾಭಾಸವಿಲ್ಲ. ಕುಡಿಯುವವನು ತನ್ನ ದೇಹದ ಬಗ್ಗೆ ತೀರ್ಮಾನಿಸುತ್ತಾನೆ. ವಸಾಹತುವಿನ ಖರ್ಜೂರ ಕೊಳ್ಳುವವನ ತೀರ್ಮಾನದ ಪರಿಣಾಮ ತನ್ನ ನೆಲ ಕಳೆದುಕೊಂಡ ಇನ್ನೊಬ್ಬನ ಮೇಲಾಗುತ್ತದೆ.

ಐರ್ಲೆಂಡಿನಲ್ಲಿ ಈ ವಾದಕ್ಕೆ ಹಳೆಯ ಬೇರಿದೆ. 1984ರ ಜುಲೈ 19ರಂದು ಡಬ್ಲಿನ್‌ನ ಹೆನ್ರಿ ಸ್ಟ್ರೀಟ್‌ನ ಡನ್ಸ್ ಸ್ಟೋರ್ಸ್ ಅಂಗಡಿಯ ಕ್ಯಾಶ್ ಕೌಂಟರಿನಲ್ಲಿ ಕೂತಿದ್ದ 21 ವರ್ಷದ ಮೇರಿ ಮ್ಯಾನಿಂಗ್, ದಕ್ಷಿಣ ಆಫ್ರಿಕಾದಿಂದ ಬಂದ, ಕಿತ್ತಳೆಯ ಜಾತಿಯ ಗ್ರೇಪ್‌ಫ್ರೂಟ್ ಹಣ್ಣನ್ನು ಬಿಲ್ ಮಾಡಲು ನಿರಾಕರಿಸಿದರು. ಅಮಾನತಾದ ಅವರ ಜೊತೆ ಸಹೋದ್ಯೋಗಿಗಳು ಹೊರನಡೆದರು, ಮುಷ್ಕರ ಎರಡೂವರೆ ವರ್ಷಕ್ಕೂ ಹೆಚ್ಚು ನಡೆಯಿತು, 1987ರಲ್ಲಿ ದಕ್ಷಿಣ ಆಫ್ರಿಕಾದ ಹಣ್ಣು ತರಕಾರಿಗಳ ಆಮದಿಗೆ ಐರ್ಲೆಂಡ್ ನಿಷೇಧ ಹೇರಿತು. (ವರ್ಣಭೇದದ ವಿರುದ್ಧ ದಕ್ಷಿಣ ಆಫ್ರಿಕಾದ ಜೊತೆಗಿನ ವ್ಯಾಪಾರವನ್ನು 1946ರಲ್ಲೇ ಕಡಿದುಕೊಂಡ ಭಾರತದವರಿಗೆ ಈ ನೆನಪು ಆಪ್ತವಾದದ್ದು.) ಮೊದಲ ನಿರಾಕರಣೆ ನಡೆದು ಸರಿಯಾಗಿ ನಲವತ್ತು ವರ್ಷಕ್ಕೆ, 2024ರ ಜುಲೈ 19ರಂದು, ಅಂತರರಾಷ್ಟ್ರೀಯ ನ್ಯಾಯಾಲಯ ಆಕ್ರಮಿತ ಪ್ಯಾಲೆಸ್ಟೈನ್ ಪ್ರದೇಶದಲ್ಲಿ ಇಸ್ರೇಲಿನ ಇರುವಿಕೆ ಕಾನೂನುಬಾಹಿರವೆಂದೂ, ಆ ಸ್ಥಿತಿ ಮುಂದುವರಿಯಲು ನೆರವಾಗುವ ವ್ಯಾಪಾರ ಮತ್ತು ಹೂಡಿಕೆಯ ಸಂಬಂಧಗಳನ್ನು ತಡೆಯಲು ದೇಶಗಳು ಕ್ರಮ ಕೈಗೊಳ್ಳಬೇಕೆಂದೂ ಸಲಹಾ ಅಭಿಪ್ರಾಯ ಕೊಟ್ಟಿತು.

ಸರ್ಕಾರದ ಹಳೆಯ ಕಾರಣ ಸಡಿಲವಾದದ್ದು ಇಲ್ಲಿ. 2024ರ ಅಕ್ಟೋಬರ್‌ನಲ್ಲಿ ಅಟಾರ್ನಿ ಜನರಲ್ ಹೊಸ ಸಲಹೆ ಕೊಟ್ಟರು, ಸಾರ್ವಜನಿಕ ನೀತಿಯ ವಿನಾಯಿತಿಯ ಬಾಗಿಲು ಈಗ ತೆರೆದಿದೆಯೆಂದು ಸರ್ಕಾರ ಒಪ್ಪಿಕೊಂಡಿತು. ಆರು ವರ್ಷಗಳ ಹಿಂದೆ ಪಿಂಗಾಣಿ ಕೋಣೆಯಲ್ಲಿ ಕೇಳಿದ್ದ ವಾದವೇ ಇದು. ಸರ್ಕಾರ ಅಂದು ‘ಇಷ್ಟವಿಲ್ಲ’ ಎಂದಷ್ಟೇ ಹೇಳಿದ್ದರೆ ಅದನ್ನು ಅಲುಗಾಡಿಸಲು ಹೇಗ್‌ನ ಅಭಿಪ್ರಾಯಕ್ಕೂ ಸಾಧ್ಯವಿರಲಿಲ್ಲ. ‘ಕಾನೂನು ಬಿಡುವುದಿಲ್ಲ’ ಎಂದು ದಾಖಲೆಗೆ ಹೇಳಿಸಿದ್ದರಿಂದ, ಕಾನೂನಿನ ಚಿತ್ರ ಬದಲಾದಾಗ ನಿಲುವು ಬದಲಾಯಿಸದೆ ದಾರಿ ಇರಲಿಲ್ಲ. 2025ರ ಜನವರಿಯ ಹೊಸ ಸಮ್ಮಿಶ್ರ ಸರ್ಕಾರದ ಕಾರ್ಯಕ್ರಮದಲ್ಲಿ ಇಂಥ ಕಾನೂನಿನ ಭರವಸೆ ಸೇರಿತು, ಜೂನ್‌ನಲ್ಲಿ ಕರಡು ಬಂತು, ಜುಲೈನಲ್ಲಿ ಸಂಸತ್ತಿನ ವಿದೇಶಾಂಗ ವ್ಯವಹಾರಗಳ ಜಂಟಿ ಸಮಿತಿ ಅದರ ವಿಚಾರಣೆ ನಡೆಸಿತು.

ಆಕ್ಷೇಪಗಳು ಈಗಲೂ ಇವೆ, ಅವನ್ನು ಕೇಳಿಸಿಕೊಳ್ಳಬೇಕು. ಇದು ಒಂದು ದೇಶವನ್ನು ಮಾತ್ರ ಗುರಿ ಮಾಡುವ ತಾರತಮ್ಯವೆಂದು ಇಸ್ರೇಲ್ ಹೇಳುತ್ತದೆ. ಐರ್ಲೆಂಡಿನ ಯಹೂದಿ ಸಮುದಾಯದ ಪ್ರತಿನಿಧಿಗಳು ಸಮಿತಿಯ ಮುಂದೆ ತಮ್ಮ ಆತಂಕವನ್ನು ತೋಡಿಕೊಂಡಿದ್ದಾರೆ. ಅಮೆರಿಕದ ಕೆಲವು ಸಂಸದರು ಐರ್ಲೆಂಡನ್ನು ಬಹಿಷ್ಕಾರ ನಡೆಸುವ ದೇಶಗಳ ಪಟ್ಟಿಗೆ ಸೇರಿಸಬೇಕೆಂದು ಒತ್ತಾಯಿಸಿದ್ದಾರೆ. ಅಮೆರಿಕದ ಕಂಪನಿಗಳ ಹೂಡಿಕೆಯನ್ನೇ ನೆಚ್ಚಿಕೊಂಡ ಆರ್ಥಿಕತೆಗೆ ಕೊನೆಯ ಮಾತು ಸಣ್ಣ ಬೆದರಿಕೆಯಲ್ಲ. ವ್ಯಾಪಾರದ ಮೊತ್ತವನ್ನು ನೋಡಿದರೆ ಇಷ್ಟೊಂದು ಗದ್ದಲಕ್ಕೆ ಕಾರಣವೇ ಕಾಣದು: 2020ರಿಂದ 2024ರವರೆಗೆ ವಸಾಹತುಗಳಿಂದ ಐರ್ಲೆಂಡಿಗೆ ಬಂದ ಸರಕಿನ ಒಟ್ಟು ಬೆಲೆ ಸುಮಾರು 6.85 ಲಕ್ಷ ಯೂರೋ. ಆದರೆ ಸಣ್ಣ ದೇಶವೊಂದು ಮಾಡಿದ್ದನ್ನು ಇತರರು ಅನುಸರಿಸಬಹುದೆಂಬುದೇ ಎರಡೂ ಕಡೆಯವರ ಲೆಕ್ಕಾಚಾರ. 2025ರ ಆಗಸ್ಟ್‌ನಲ್ಲಿ ಸ್ಲೊವೇನಿಯಾ ಇಂಥ ನಿಷೇಧವನ್ನು ಐರ್ಲೆಂಡಿಗಿಂತ ಮೊದಲೇ ಹೇರಿತು.

ಉಳಿದಿರುವ ಜಗಳ ಸೇವೆಗಳದು. ಬ್ಲ್ಯಾಕ್ ಅವರ 2018ರ ಪಠ್ಯ ಸರಕು, ಸೇವೆ, ನೈಸರ್ಗಿಕ ಸಂಪನ್ಮೂಲ ಮೂರನ್ನೂ ಒಳಗೊಂಡಿತ್ತು. ಸರ್ಕಾರದ ಕರಡು ಸರಕಿಗೆ ಸೀಮಿತವಾಯಿತು, ಏಕೆಂದರೆ ಸರಕಿನ ಆಮದಿಗೆ ಇರುವಂಥ ಸ್ಪಷ್ಟ ವಿನಾಯಿತಿ ಸೇವೆಗಳ ವಿಷಯದಲ್ಲಿ ಇಲ್ಲವೆಂಬುದು ಅದರ ವಾದ. ಜಂಟಿ ಸಮಿತಿ ಸೇವೆಗಳನ್ನೂ ಸೇರಿಸಬೇಕೆಂದು ಶಿಫಾರಸು ಮಾಡಿತು, ಬ್ಲ್ಯಾಕ್ ಕೂಡ ಅದನ್ನೇ ಕೇಳುತ್ತಿದ್ದಾರೆ. ಒಂದು ಪೆಟ್ಟಿಗೆ ಖರ್ಜೂರವನ್ನು ಬಂದರಿನಲ್ಲಿ ತಡೆಯುವುದು ಸುಲಭ. ಅದೇ ವಸಾಹತುವಿನ ಒಂದು ಕೋಣೆಯನ್ನು ಡಬ್ಲಿನ್‌ನಲ್ಲಿ ಕೂತವರು ಅಂತರ್ಜಾಲದಲ್ಲಿ ಬಾಡಿಗೆಗೆ ಕಾಯ್ದಿರಿಸಿದರೆ ತಡೆಯುವ ಬಂದರು ಯಾವುದು ಎಂಬುದು ನಿಜವಾದ ಆಡಳಿತಾತ್ಮಕ ಪ್ರಶ್ನೆ. ಅನೇಕ ಅಂತರರಾಷ್ಟ್ರೀಯ ತಂತ್ರಜ್ಞಾನ ಕಂಪನಿಗಳ ಐರೋಪ್ಯ ಕಚೇರಿ ಡಬ್ಲಿನ್‌ನಲ್ಲೇ ಇರುವುದರಿಂದ ಹಣದ ಲೆಕ್ಕದಲ್ಲಿ ದೊಡ್ಡದು ಈ ಭಾಗವೇ. ಎರಡು ಮಸೂದೆಗಳ ಹೆಸರನ್ನು ಅಕ್ಕಪಕ್ಕದಲ್ಲಿಟ್ಟು ಓದಿದರೆ ಅಂತರ ಅಲ್ಲೇ ಕಾಣುತ್ತದೆ. ಸೆನೆಟರ್ ಬರೆದದ್ದು ‘ಆರ್ಥಿಕ ಚಟುವಟಿಕೆಯ ನಿಯಂತ್ರಣ’, ಸರ್ಕಾರ ಬರೆದದ್ದು ‘ಸರಕುಗಳ ಆಮದು ನಿಷೇಧ’.